ಡಯಾಗ್ರಾಂ ಕೊಡಿ, ಬೋರ್ಡ್ ನಾವೇ ನೋಡಿಕೊಳ್ಳುತ್ತೇವೆ

ಸಂಪಾದಕರಿಗೆ ನಮಸ್ಕಾರಗಳು.

ಎಲೆಕ್ಟ್ರಾನಿಕ್ ಸಾಮಾನಿನ ಬೋರ್ಡ್ ಕೆಟ್ಟರೆ ರಿಪೇರಿಗೆ ಅಲೆಯುವುದಕ್ಕಿಂತ ಹೊಸ ಬೋರ್ಡ್ ಹಾಕಿಸುವುದೇ ಜಾಣತನ ಎಂಬ ಲೇಖನವನ್ನು ನಿಮ್ಮ ಪುರವಣಿಯಲ್ಲಿ ಓದಿದೆ. ದಾವಣಗೆರೆಯಲ್ಲಿ 38 ವರ್ಷ ರೇಡಿಯೊ, ಟೇಪ್ ರೆಕಾರ್ಡರ್, ಟಿ.ವಿ. ರಿಪೇರಿ ಮಾಡಿ ಅಂಗಡಿಯ ಬಾಗಿಲು ಹಾಕಿದವನು ನಾನು. ಸದ್ಯ ಅಮೆರಿಕದ ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಲೇಖನ ಓದಿದ ಹೊತ್ತಿನಲ್ಲಿ ನನ್ನ ಕೈಯಲ್ಲಿ ಸೋಲ್ಡರಿಂಗ್ ಐರನ್ ಇತ್ತು. ಹಾಗಾಗಿ ಸಿಟ್ಟು ತುಸು ಹೆಚ್ಚೇ ಬಂತು.

ಮಗ ತನ್ನ ಮನೆಯ ನೆಲಮಾಳಿಗೆಯಲ್ಲಿ ಒಂದು ಹಳೆಯ ಪಿನ್‌ಬಾಲ್ ಯಂತ್ರ ಇಟ್ಟುಕೊಂಡಿದ್ದಾನೆ. ನೋಡದವರಿಗಾಗಿ ಹೇಳುತ್ತೇನೆ: ಕೇರಂ ಬೋರ್ಡನ್ನು ಉದ್ದಕ್ಕೆ ಎಳೆದು, ಕಾಲು ಹಚ್ಚಿ, ಇಳಿಜಾರಾಗಿ ನಿಲ್ಲಿಸಿ ಮೇಲೆ ಗಾಜು ಮುಚ್ಚಿದಂತಿರುತ್ತದೆ. ಒಳಗೆ ಓಡುವ ಉಕ್ಕಿನ ಗುಂಡು ಕೆಳಗೆ ಜಾರಿ ಬೀಳದ ಹಾಗೆ ಎರಡು ರೆಕ್ಕೆಗಳಿಂದ ಬಡಿಯುತ್ತಿರಬೇಕು. ಈ ಯಂತ್ರದ ಹೆಸರು ಗೋರ್ಗಾರ್. 1979ರಲ್ಲಿ ಇದೇ ಶಿಕಾಗೊದ ವಿಲಿಯಮ್ಸ್ ಕಂಪನಿ ತಯಾರಿಸಿದ್ದು. ಮಾತನಾಡಿದ ಮೊದಲ ಪಿನ್‌ಬಾಲ್ ಯಂತ್ರ ಇದೇ. ಒಳಗಿರುವ ರಾಕ್ಷಸನಿಗೆ ಗೊತ್ತಿರುವುದು ಒಟ್ಟು ಏಳು ಶಬ್ದ. ಅವನ್ನೇ ಹಿಂದೆಮುಂದೆ ಜೋಡಿಸಿ ಆಟಗಾರನನ್ನು ಹೆದರಿಸುತ್ತಾನೆ. ಹಿನ್ನೆಲೆಯಲ್ಲಿ ಅವನ ಎದೆಬಡಿತ ಕೇಳುತ್ತಿರುತ್ತದೆ, ಆಟ ಬೆಳೆದಂತೆ ಅದೂ ಜೋರಾಗಿ ಓಡುತ್ತದೆ.

ನಾನು ಬಂದಾಗ ರಾಕ್ಷಸನಿಗೆ ಮಾತೂ ಇರಲಿಲ್ಲ, ಎದೆಬಡಿತವೂ ಇರಲಿಲ್ಲ. ದೀಪ ಉರಿಯುತ್ತಿದ್ದವು, ಅಂಕ ಏರುತ್ತಿತ್ತು, ಸ್ಪೀಕರ್‌ನಲ್ಲಿ ಮಾತ್ರ ಬರಿಯ ಗುಂಯ್ ಎಂಬ ಹಮ್ಮಿಂಗ್. ಮಗ ಹೊಸ ಸೌಂಡ್ ಬೋರ್ಡ್ ತರಿಸಲು ಹೊರಟಿದ್ದ. ಎರಡು ದಿನ ತಡಿ ಎಂದೆ. ಹಿಡಿದದ್ದು ಹನ್ನೊಂದು ದಿನ.

ಮೊದಲು ಸ್ಪೀಕರ್. ಒಂದು ಪೆನ್ ಟಾರ್ಚ್ ಸೆಲ್ ತಾಗಿಸಿದರೆ ಕರ್ ಎಂದಿತು, ಅದು ಚೆನ್ನಾಗಿದೆ. ವಾಲ್ಯೂಮ್ ಕಂಟ್ರೋಲ್‌ನ ನಡುಗಾಲಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದರೆ ಬುರ್ರೆಂದಿತು, ಆಂಪ್ಲಿಫೈಯರ್ ಬದುಕಿದೆ. ಆಂಪ್ಲಿಫೈಯರಿನ ಐಸಿ (ಚಿಪ್) ಐದು ಕಾಲಿನ ಟಿಡಿಎ 2002. ಅದರ ತಮ್ಮ 2003 ಅನ್ನು ನಮ್ಮೂರಿನ ಕಾರ್ ಸ್ಟೀರಿಯೊಗಳಲ್ಲಿ ಎಷ್ಟು ಬದಲಿಸಿದ್ದೇನೋ ಲೆಕ್ಕವಿಲ್ಲ. ಏಳು ಸಮುದ್ರ ದಾಟಿ ಬಂದರೂ ಹಳೆಯ ಗಿರಾಕಿಯೇ ಸಿಕ್ಕ ಹಾಗಾಯಿತು.

ಹಮ್ಮಿಂಗ್ ಮಾತ್ರ ನನ್ನ ಕಿವಿಗೆ ಒಗ್ಗಲಿಲ್ಲ, ಸ್ವರ ತುಸು ಏರಿತ್ತು. ಆಮೇಲೆ ಹೊಳೆಯಿತು: ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಜ್ ದಾಟಿದ ಮೇಲೆ ಹಮ್ಮಿಂಗ್ 100, ಇಲ್ಲಿ ಕರೆಂಟ್ 60, ಹಮ್ಮಿಂಗ್ 120. ಜೀವಮಾನವೆಲ್ಲ ಕೇಳಿದ ಶ್ರುತಿಯೇ ಇಲ್ಲಿ ಬೇರೆ. ಆದರೆ ರೋಗ ಹಳೆಯದೇ. ಸಪ್ಲೈನ ಏರಿಳಿತವನ್ನು ಸಮ ಮಾಡುವ, ನಾಲ್ಕು ದಶಕ ದಾಟಿದ ಫಿಲ್ಟರ್ ಕಂಡೆನ್ಸರ್ ಒಣಗಿತ್ತು. 12 ವೋಲ್ಟ್ ಸಪ್ಲೈ ಮೇಲೆ ಮೀಟರನ್ನು ಎಸಿಗೆ ತಿರುಗಿಸಿ ಹಿಡಿದರೆ ಒಂದೂವರೆ ವೋಲ್ಟ್ ತೋರಿಸಿತು. ಬದಲಿಸಿದೆ. ಗುಂಯ್ ನಿಂತಿತು, ಅದರ ಜಾಗಕ್ಕೆ ಪೂರ್ಣ ಮೌನ ಬಂತು.

ಈ ಸೌಂಡ್ ಬೋರ್ಡಿನಲ್ಲೇ ಒಂದು ಟೆಸ್ಟ್ ಸ್ವಿಚ್ ಇದೆ. ಒತ್ತಿದರೆ ತನಗೆ ಬರುವ ಸದ್ದುಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಬೇಕು. ಒತ್ತಿದೆ, ಏನೂ ಇಲ್ಲ. 5 ವೋಲ್ಟ್ ಸರಿಯಾಗಿತ್ತು, ಬೋರ್ಡನ್ನು ನಡೆಸುವ 6802 ಪ್ರೊಸೆಸರಿನ ರೀಸೆಟ್ ಕಾಲಿನಲ್ಲೂ ವೋಲ್ಟೇಜ್ ಇತ್ತು, ಅಂದರೆ ಅದನ್ನು ಯಾರೂ ತಡೆದು ನಿಲ್ಲಿಸಿರಲಿಲ್ಲ. ಸದ್ದು ಹೊರಗೆ ಬರುವ ದಾರಿ ಪಕ್ಕದ ಮಾತಿನ ಬೋರ್ಡಿನ ಮೂಲಕ ಹಾದುಹೋಗುತ್ತದೆ. ಅದನ್ನು ಕಳಚಿ, ಡಯಾಗ್ರಾಂ ನೋಡಿ ಜಂಪರ್ ತಂತಿ ಸೇರಿಸಿ ಪುನಃ ಒತ್ತಿದೆ. ಆಗಲೂ ಮೌನ. ಮಾತಿನ ಬೋರ್ಡ್ ಈ ಮಟ್ಟಿಗೆ ನಿರಪರಾಧಿ.

ಪ್ರೊಸೆಸರ್ ನಡೆಯುತ್ತಿದೆಯೇ ಎಂದು ನೋಡಲು ವಿದ್ಯುತ್ತಿನ ಅಲೆ ತೋರಿಸುವ ಆಸಿಲೋಸ್ಕೋಪ್ ಬೇಕು, ಮಗನ ಮನೆಯಲ್ಲಿ ಎಲ್ಲಿಂದ ಬರಬೇಕು? ಇದ್ದದ್ದು ನಾನು ಊರಿಂದ ತಂದ ಪುಟ್ಟ ರೇಡಿಯೊ. ಪ್ರೊಸೆಸರಿಗೆ ತಾಳ (ಕ್ಲಾಕ್) ಹಾಕುವ ಕ್ರಿಸ್ಟಲ್ 3.58 ಮೆಗಾಹರ್ಟ್ಸ್, 6802 ಅದನ್ನು ನಾಲ್ಕರಿಂದ ಭಾಗಿಸುತ್ತದೆ, ಅಂದರೆ ಸುಮಾರು 895 ಕಿಲೊಹರ್ಟ್ಸ್. ಭದ್ರಾವತಿ ಆಕಾಶವಾಣಿ 675ರಲ್ಲಿ ಬರುವ ಮೀಡಿಯಂ ವೇವ್ ಪಟ್ಟಿಯೊಳಗೇ ಇದು ಬೀಳುತ್ತದೆ! ಶಿಕಾಗೊದ ಡಬ್ಲ್ಯೂಎಲ್‌ಎಸ್ ಎಂಬ ದೊಡ್ಡ ಕೇಂದ್ರ ಇರುವುದು 890ರಲ್ಲಿ. ಅದನ್ನು ಹಿಡಿದು ರೇಡಿಯೊವನ್ನು ಬೋರ್ಡಿನ ಹತ್ತಿರ ಒಯ್ದರೆ, ಮಾತಿನ ಮೇಲೆ ಸಣ್ಣಗೆ ಕುಯ್ ಎಂಬ ಸಿಳ್ಳೆ: 890 ಮತ್ತು 895 ಬೆರೆತಾಗ ಅವುಗಳ ವ್ಯತ್ಯಾಸವೇ ಹಾಗೆ ಕೇಳುತ್ತದೆ. ಯಂತ್ರದ ಕರೆಂಟ್ ಆರಿಸಿದರೆ ಸಿಳ್ಳೆಯೂ ಇಲ್ಲ. ಕ್ಲಾಕ್ ನಡೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಪಕ್ಕದಲ್ಲಿದ್ದ ಮೊಮ್ಮಗ, "ಅಜ್ಜ, ಇದು ಮೋಸ" ಎಂದ.

ಕ್ಲಾಕ್ ಇದೆ, ಕೆಲಸವಿಲ್ಲ ಎಂದರೆ ಪ್ರೊಸೆಸರ್ ತನ್ನ ಪಾಠ (ಪ್ರೋಗ್ರಾಂ) ಓದುತ್ತಿಲ್ಲ. ಪಾಠ ಇರುವುದು ಐಸಿ 12 ಎಂಬ ಕಾಯಂ ನೆನಪಿನ ಚಿಪ್, ಅಂದರೆ ರಾಮ್‌ನಲ್ಲಿ (ಆರ್‌ಎಎಂ ಅಲ್ಲ, ಆರ್‌ಓಎಂ, ಕನ್ನಡದಲ್ಲಿ ಬರೆದರೆ ಈ ಗೊಂದಲ ತಪ್ಪಿದ್ದಲ್ಲ). ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು ಟೆಸ್ಟ್ ಸ್ವಿಚ್ ಅದುಮಿದೆ. ಗೊರ್ ಎಂದು ಒಂದು ಸದ್ದು ಹೊರಟು ಅರ್ಧಕ್ಕೇ ನಿಂತಿತು. ಸಿಕ್ಕಿಬಿದ್ದ ಕಳ್ಳ! ಚಿಪ್ ಅಲ್ಲ, ಅದು ಕೂತಿದ್ದ ಕಂದು ಬಣ್ಣದ ಐಸಿ ಬೇಸ್. ಅದರೊಳಗಿನ ಹಿಡಿಕೆಗಳು ಸಡಿಲಾಗಿ ಕಾಲುಗಳನ್ನು ಹಿಡಿಯುತ್ತಿರಲಿಲ್ಲ. ಇಪ್ಪತ್ನಾಲ್ಕು ಕಾಲು, ಎರಡೂ ಬದಿ ತಾಮ್ರವಿರುವ ಬೋರ್ಡ್. ಲೆಡ್ ಹೀರಿ ತೆಗೆಯುವಾಗ ಕಾಲು ಬೆಸೆಯುವ ಒಂದು ತಾಮ್ರದ ಪ್ಯಾಡ್ ಕಿತ್ತುಬಂತು. ವಯಸ್ಸಾದ ಕೈ, ಒಪ್ಪಿಕೊಳ್ಳುತ್ತೇನೆ. ತೆಳುವಾದ ತಂತಿಯಿಂದ ಸೇತುವೆ ಹಾಕಿದೆ.

ಸದ್ದುಗಳೆಲ್ಲ ಬಂದವು. ಜಂಪರ್ ತೆಗೆದು ಮಾತಿನ ಬೋರ್ಡ್ ಸೇರಿಸಿದರೆ ರಾಕ್ಷಸ ತೊದಲಿದ. ಅದು ರಿಬ್ಬನ್ ಕೇಬಲ್ ಕೂರುವ ಪಿನ್‌ಗಳ ಡ್ರೈ ಸೋಲ್ಡರ್ (ಬಿಟ್ಟುಕೊಂಡ ಬೆಸುಗೆ), ಅರ್ಧ ಗಂಟೆಯ ಕೆಲಸ. (ಯಾರಾದರೂ ಇದನ್ನು ಓದಿ ಇಂಥ ಯಂತ್ರಕ್ಕೆ ಕೈ ಹಾಕುವುದಿದ್ದರೆ ಒಂದು ಎಚ್ಚರಿಕೆ: ಅಂಕ ತೋರಿಸುವ ಡಿಸ್‌ಪ್ಲೇಗೆ ಅದೇ ಪೆಟ್ಟಿಗೆಯಲ್ಲಿ ಪ್ಲಸ್ 100, ಮೈನಸ್ 100 ವೋಲ್ಟ್ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕಾಯಿರಿ.) ರಾತ್ರಿ ನೆಲಮಾಳಿಗೆಯಿಂದ ಎದೆಬಡಿತ ಕೇಳಿ ನನ್ನ ಹೆಂಡತಿ ಮೆಟ್ಟಿಲ ಮೇಲಿಂದಲೇ, "ಏನ್ರೀ, ಯಾರದು?" ಎಂದು ಕೂಗಿದಳು.

ಈಗ ಲೇಖನಕ್ಕೆ ಬರುತ್ತೇನೆ. ನಾನೇನೂ ಪವಾಡ ಮಾಡಲಿಲ್ಲ. ಯಂತ್ರದ ಜೊತೆಗೆ ಕಂಪನಿ ಕೊಟ್ಟ ಪುಸ್ತಕದಲ್ಲಿ ಪೂರ್ತಿ ಸರ್ಕ್ಯೂಟ್ ಡಯಾಗ್ರಾಂ ಇತ್ತು, ಬೋರ್ಡ್ ಮೇಲೆ ಟೆಸ್ಟ್ ಸ್ವಿಚ್ ಇತ್ತು, ಚಿಪ್ ಕಳಚಲು ಬರುತ್ತಿತ್ತು. ಮಕ್ಕಳು ಚಿಲ್ಲರೆ ಕಾಸು ಹಾಕಿ ಆಡುವ ಯಂತ್ರಕ್ಕೆ 1979ರಲ್ಲೇ ಇಷ್ಟು ಮರ್ಯಾದೆ ಇತ್ತು. ಹೋದ ವರ್ಷ ನಮ್ಮ ಮನೆಯ ವಾಷಿಂಗ್ ಮಷೀನ್ ಕೆಟ್ಟಾಗ ಕಂಪನಿಯಿಂದ ಬಂದ ಹುಡುಗ ಮೀಟರ್ ಕೂಡ ತಂದಿರಲಿಲ್ಲ. ಬೋರ್ಡ್ ಬದಲಿಸಬೇಕು, 7,200 ರೂಪಾಯಿ ಎಂದ. ಡಯಾಗ್ರಾಂ ಕೊಡಪ್ಪ, ನಾನೇ ನೋಡುತ್ತೇನೆ ಎಂದರೆ, ಅದು ನಮಗೂ ಕೊಡುವುದಿಲ್ಲ ಅಜ್ಜಾ ಎಂದು ನಕ್ಕ. ಹುಡುಗನ ಮೇಲೆ ನನಗೆ ಕೋಪವಿಲ್ಲ. ಬೋರ್ಡನ್ನು ಪಾರದರ್ಶಕ ಅಂಟಿನಲ್ಲಿ ಮುಳುಗಿಸಿಟ್ಟಿದ್ದಾರೆ. ನೀರಿನ ಯಂತ್ರಕ್ಕೆ ಅದು ಬೇಕಾಗುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಡಯಾಗ್ರಾಂ ಬಚ್ಚಿಡುವುದಕ್ಕೂ ನೀರಿಗೂ ಏನು ಸಂಬಂಧ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಕಂಪನಿಗಳು ತಮ್ಮ ಬೋರ್ಡಿನ ಸರ್ಕ್ಯೂಟ್ ಡಯಾಗ್ರಾಂ ಅನ್ನು ಅಲ್ಲಿ ಹಾಕಲೇಬೇಕು ಎಂದು ಕಾನೂನು ಮಾಡಲಿ ಎಂಬುದಷ್ಟೇ ನನ್ನ ಒತ್ತಾಯ. ಬದಲಿಸುವುದು ಅಗ್ಗವೋ ರಿಪೇರಿ ಅಗ್ಗವೋ ಎಂಬ ಲೆಕ್ಕವನ್ನು ಆಮೇಲೆ ಹಾಕೋಣ. ನನ್ನ ಗೋರ್ಗಾರ್‌ಗೆ ಕಂಡೆನ್ಸರ್, ಬೇಸ್ ಎಲ್ಲ ಸೇರಿ ಹದಿನಾಲ್ಕು ಡಾಲರ್ ಖರ್ಚಾಯಿತು.

ಏಪ್ರಿಲ್‌ನಲ್ಲಿ ಊರಿಗೆ ಬರುತ್ತೇನೆ. ವಾಷಿಂಗ್ ಮಷೀನಿನ ಬೋರ್ಡ್ ಇನ್ನೂ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ. ಲೇಖನ ಬರೆದವರು ದಾವಣಗೆರೆ ಕಡೆ ಬಂದರೆ ಮನೆಗೆ ಬರಲಿ, ಇಬ್ಬರೂ ಕೂತು ಅಂಟು ಕೆರೆಯೋಣ.

– ನಿವೃತ್ತ ರೇಡಿಯೊ ಮೆಕ್ಯಾನಿಕ್, ದಾವಣಗೆರೆ
(ಸದ್ಯ ನೇಪರ್‌ವಿಲ್, ಇಲಿನಾಯ್)