ಶನಿವಾರ ಫಿಲೋಮಿನಾ ಚರ್ಚಿಗೆ: ಹತ್ತನೇ ತರಗತಿ ಪೋಷಕರಿಗೆ

ಪ್ರಿಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ ಮಕ್ಕಳನ್ನು ಸಂತ ಫಿಲೋಮಿನಾ ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಚೀಟಿ ಮನೆಗೆ ಬಂದದ್ದೇ ತಡ, ನಾಲ್ಕೈದು ಫೋನ್ ಬಂದವು. ಮೈಸೂರಲ್ಲೇ ಹುಟ್ಟಿ ಬೆಳೆದ ಮಕ್ಕಳು, ನೂರು ಸಲ ನೋಡಿದ್ದಾರೆ, ಪಾಠ ಬಿಟ್ಟು ಅಲ್ಲಿಗೆ ಯಾಕೆ ಮೇಡಂ ಅಂತ. ನೋಡಿದ್ದಾರೆ ನಿಜ, ಬಸ್ಸಿನ ಕಿಟಕಿಯಿಂದ!

ಪಾಠಕ್ಕೇ ಹೋಗುತ್ತಿರುವುದು. ಆ ಜೋಡಿ ಗೋಪುರಗಳ ಎತ್ತರ 175 ಅಡಿ, ಅಂದರೆ ಸುಮಾರು 53 ಮೀಟರ್. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಒಂದು ಕಲ್ಲು ನೇತುಹಾಕಿ, ಗೋಪುರದ ತುದಿ ಸರಿಯಾಗಿ 45 ಡಿಗ್ರಿಯಲ್ಲಿ ಕಾಣುವ ತನಕ ಹಿಂದೆ ಹಿಂದೆ ನಡೆಯಬೇಕು. ಅಲ್ಲಿಂದ ಬುಡಕ್ಕೆ ಎಷ್ಟು ದೂರವೋ ಅದಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಉತ್ತರ ಸಿಕ್ಕಿತು. ಜಾಗ ಸಾಲದಿದ್ದರೆ 60 ಡಿಗ್ರಿಗೆ ಲೆಕ್ಕ ಹಾಕುತ್ತಾರೆ. ತ್ರಿಕೋನಮಿತಿಯನ್ನು ಸುಮ್ನೆ ಬಾಯಿಪಾಠ ಮಾಡುವುದಕ್ಕಿಂತ ಇದು ವಾಸಿ ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು ಒಳಗಿನ ಹಾಲ್. ಸುಮಾರು 800 ಜನ ಕೂರಬಹುದು. ನಡುವೆ ಉದ್ದನೆಯ ಭಾಗ, ಅದಕ್ಕೆ ಅಡ್ಡವಾಗಿ ಎರಡು ತೋಳು. ಮೇಲಿನಿಂದ ನೋಡಿದರೆ ಇಡೀ ಕಟ್ಟಡವೇ ಶಿಲುಬೆ. ಕಮಾನುಗಳ ತುದಿ ಮಾತ್ರ ಚೂಪು. ಯಾಕೆ ಗೊತ್ತಾ? ಅರ್ಧ ವೃತ್ತದ ಕಮಾನು ಎಷ್ಟು ಅಗಲವೋ ಅದರ ಅರ್ಧದಷ್ಟೇ ಎತ್ತರ ಇರುತ್ತದೆ. ಚೂಪು ಕಮಾನಿಗೆ ಆ ಕಟ್ಟುಪಾಡಿಲ್ಲ, ಅಗಲ ಅಷ್ಟೇ ಇಟ್ಟುಕೊಂಡು ಎಷ್ಟು ಬೇಕೋ ಅಷ್ಟು ಮೇಲೆ ಹೋಗಬಹುದು, ಮೇಲಿನ ಭಾರ ಗೋಡೆಯನ್ನು ಪಕ್ಕಕ್ಕೆ ತಳ್ಳುವುದೂ ಕಡಿಮೆ.

ಮೊನ್ನೆ ಇದನ್ನು ವರಾಂಡದಲ್ಲೇ ಮಾಡಿ ನೋಡಿದೆವು. ಇಬ್ಬರು ಹುಡುಗರು ಎದುರುಬದುರು ನಿಂತು, ತಲೆಯ ಮೇಲೆ ಅಂಗೈಗೆ ಅಂಗೈ ಕೊಟ್ಟು, ಕಾಲು ಹಿಂದಕ್ಕೆ ಇಟ್ಟರು. ಮೂರನೆಯವನು ಅವರ ಕೈ ಹಿಡಿದು ಕೆಳಕ್ಕೆ ಜಗ್ಗಿದ. ಸಾಕ್ಸ್ ಹಾಕಿದ್ದ ಕಾಲು ಸರ್ರನೆ ಜಾರಿ ಕಮಾನು ನೆಲಕ್ಕೆ ಬಿತ್ತು. ಆಮೇಲೆ ಇಬ್ಬರ ಹಿಮ್ಮಡಿಗೂ ಒಬ್ಬೊಬ್ಬರು ಪಾದ ಒತ್ತಿ ಕೂತರು. ಎಷ್ಟು ಜಗ್ಗಿದರೂ ಬೀಳಲಿಲ್ಲ. ಇಂಥ ಚೂಪು ಕಮಾನಿನ, ಗಾಥಿಕ್ ಶೈಲಿಯ ಕಟ್ಟಡದ ಗೋಡೆಗೆ ಹೊರಗಿನಿಂದ ಒತ್ತುಗಂಬ ಕೊಡುವುದು ಇದಕ್ಕೇ. (ಹರಿದ ಸಾಕ್ಸ್ ವಿಷಯಕ್ಕೆ ಕ್ಷಮೆ ಇರಲಿ.)

ಇನ್ನು, ಇದೇನು ಧರ್ಮದ ಪಾಠವಾ ಎಂದು ಒಬ್ಬರು ಕೇಳಿದರು. ಅಲ್ಲ. ಮುಮ್ಮಡಿಯವರ ಕಾಲದಲ್ಲಿ, 1843ರಲ್ಲಿ, ಅಲ್ಲಿ ಒಂದು ಚಿಕ್ಕ ಚರ್ಚ್ ಇತ್ತು. ಈಗಿನ ಕಟ್ಟಡಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದವರು ನಾಲ್ವಡಿಯವರು. ಜರ್ಮನಿಯ ಕೊಲೋನ್ ನಗರದ ಚರ್ಚ್ ಇದಕ್ಕೆ ಮಾದರಿ, ನಕ್ಷೆ ಫ್ರಾನ್ಸಿನವರದು, ಕಟ್ಟಿಸಿದ ಊರು ನಮ್ಮದು. ಅರಮನೆ ನೋಡಿದ ಹಾಗೆ ಇದನ್ನೂ ನೋಡಲಿ.

ಹೋದ ವರ್ಷದ ತಪ್ಪು ನಮ್ಮದೇ. ಪ್ರತಿಧ್ವನಿ ಬರುತ್ತದಾ ನೋಡೋಣ ಎಂದು ಮಕ್ಕಳು ಕೂಗಿದರು, ಮುಂದಿನ ಬೆಂಚಿನಲ್ಲಿ ಯಾರೋ ಅಜ್ಜಿ ಪ್ರಾರ್ಥನೆ ಮಾಡುತ್ತಿದ್ದರು. ನನಗೆ ಮುಖ ಎತ್ತಲಾಗಲಿಲ್ಲ. ಆದ್ದರಿಂದ ದಯವಿಟ್ಟು ಮನೆಯಲ್ಲೂ ಒಂದು ಮಾತು ಹೇಳಿ. ಮೊಬೈಲ್ ಬೇಡ. ಫೋಟೋ ತೆಗೆದವರು ಎರಡು ನಿಮಿಷಕ್ಕೆ ಹೊರಗೆ ಬರುತ್ತಾರೆ, ಚಿತ್ರ ಬಿಡಿಸುವವರು ಕಂಬ ಎಣಿಸುತ್ತಾರೆ.

ಜಾಮಿಟ್ರಿ ಬಾಕ್ಸ್, ಬಿಳಿ ಹಾಳೆ, ನೀರು, ಮಧ್ಯಾಹ್ನದ ಬುತ್ತಿ ಕಳಿಸಿ. ಒಪ್ಪಿಗೆ ಚೀಟಿ ಗುರುವಾರದೊಳಗೆ ಬರಲಿ. ಜೊತೆಗೆ ಬರಲು ಇಬ್ಬರು ಪೋಷಕರು ಬೇಕು, ಬಿಡುವಿದ್ದವರು ಆಫೀಸಿಗೆ ತಿಳಿಸಿ.

ಇತಿ,
ಮುಖ್ಯೋಪಾಧ್ಯಾಯಿನಿ