ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸುವ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಕಳೆದ ಶನಿವಾರದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕುಗಳನ್ನು ಮೇಜಿನ ಮೇಲಿಟ್ಟು, ಜೂನ್‌ನಿಂದ ಈಚೆಗೆ ಹತ್ತು ಪುಟವೂ ತುಂಬಿಲ್ಲವೆಂದೂ, ಇಂಗ್ಲಿಷ್ ಪಿರಿಯಡ್‌ನಲ್ಲಿ ಶಿಕ್ಷಕಿಯೇ ಕನ್ನಡ ಮಾತನಾಡುತ್ತಾರೆಂದೂ, ಮಕ್ಕಳು 'ಆಟವಾಡಿಕೊಂಡು' ಬರುತ್ತಾರೆಂದೂ ಆಕ್ಷೇಪಿಸಿದಿರಿ; ಕನ್ನಡ ಮಾತನಾಡಿದ ಮಗುವಿಗೆ ದಂಡ ಹಾಕಿ ಎಂಬ ಸಲಹೆಯೂ ಬಂತು. ಅಂದು ನಾನು ಕೊಟ್ಟ ಉತ್ತರ ಅವಸರದ್ದಾಗಿತ್ತು. ಸಮಾಧಾನವಾಗಿ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಆತಂಕ ನನಗೆ ಅರ್ಥವಾಗದ್ದಲ್ಲ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ಕ್ರಮ ಬಂದದ್ದು 2007-08ರಲ್ಲಿ. ನಾನೂ ನಿಮ್ಮಲ್ಲಿ ಹಲವರೂ ಐದನೆಯ ತರಗತಿಗೆ ಬಂದ ಮೇಲೆ ಎಬಿಸಿಡಿ ತಿದ್ದಿದವರು. ಕಾಲೇಜಿನ ಮೊದಲ ವರ್ಷ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತ ನೆನಪು ನನಗಿನ್ನೂ ಹೋಗಿಲ್ಲ.

ಈ ವರ್ಷ ಬರೆಸುವುದಕ್ಕಿಂತ ಮೊದಲು ಮಾತನಾಡಿಸಲು ತೊಡಗಿದ್ದೇವೆ; ಈ ಬದಲಾವಣೆಗೆ ಕಾರಣವಾದದ್ದು ನಮ್ಮದೇ ಶಾಲೆಯ ಒಂದು ಪ್ರಸಂಗ. ಕಳೆದ ವರ್ಷ ಐದನೆಯ ತರಗತಿಯ ಹುಡುಗಿಯೊಬ್ಬಳು ಪಾಠ ಓದುತ್ತಾ 'ನೈಫ್' ಪದವನ್ನು, ಉಚ್ಚರಿಸದೆ ಬಿಡಬೇಕಾದ ಮೊದಲ ಅಕ್ಷರ 'ಕೆ'ಯನ್ನೂ ಬಿಡದೆ, 'ಕ್ನೈಫ್' ಎಂದಳು. ಇಡೀ ತರಗತಿ ನಕ್ಕಿತು. ಆಮೇಲೆ ವರ್ಷ ಮುಗಿಯುವವರೆಗೂ ಅವಳು ಇಂಗ್ಲಿಷ್ ಪಿರಿಯಡ್‌ನಲ್ಲಿ ಬಾಯಿ ಬಿಡಲಿಲ್ಲ. ಅವಳ ನೋಟ್‌ಬುಕ್ ಮಾತ್ರ ಮುತ್ತು ಪೋಣಿಸಿದಂಥ ಅಕ್ಷರಗಳಿಂದ ತುಂಬಿತ್ತು; ಸಭೆಯಲ್ಲಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಕನ್ನಡವನ್ನು ಬರೆದಂತೆ ಓದುವ ಮಗುವಿಗೆ, ಐದೇ ಸ್ವರಾಕ್ಷರಗಳಲ್ಲಿ ಇಪ್ಪತ್ತರಷ್ಟು ಸ್ವರಧ್ವನಿಗಳನ್ನು ತುಂಬಿಸಿಕೊಂಡಿರುವ ಇಂಗ್ಲಿಷ್ ಗೊಂದಲ ಹುಟ್ಟಿಸುವುದು ಸಹಜ. 'ಬಟ್' ಎಂದು ಓದಲು ಕಲಿತವನು ಅದೇ ಸ್ವರಾಕ್ಷರವಿರುವ 'ಪುಟ್' ಪದವನ್ನು 'ಪಟ್' ಎಂದರೆ ಅವನನ್ನು ದಡ್ಡನೆನ್ನಲಾಗದು.

ಆದ್ದರಿಂದ ಈ ವರ್ಷ ನಾಲ್ಕರಿಂದ ಏಳನೆಯ ತರಗತಿಯವರೆಗೆ ಪಿರಿಯಡ್‌ನ ಮೊದಲ ಹದಿನೈದು ನಿಮಿಷ ಪುಸ್ತಕ ತೆರೆಯುವುದಿಲ್ಲ. ಒಬ್ಬರು ಟೊಮೆಟೊ ಮಾರುತ್ತಾರೆ, ಇನ್ನೊಬ್ಬರು ಚೌಕಾಸಿ ಮಾಡುತ್ತಾರೆ, ಎಲ್ಲವೂ ಬಂದಷ್ಟು ಇಂಗ್ಲಿಷಿನಲ್ಲಿ. ಮಕ್ಕಳು 'ಆಟವಾಡಿಕೊಂಡು' ಬರುವುದು ಇದನ್ನೇ. ಬಸ್ಸು, ಪೆನ್ನು, ಲೈಟು, ಸ್ವಿಚ್ಚು ಮೊದಲಾದ ಪದಗಳು ಅವರ ಬಾಯಲ್ಲಿ ಆಗಲೇ ಇವೆ, ಕೊನೆಯ ಉಕಾರ ಕಳಚಿದರೆ ಸಾಕು. ಯಾರಾದರೂ ತಪ್ಪಿದರೆ ಶಿಕ್ಷಕಿ ಸರಿಯಾದ ವಾಕ್ಯವನ್ನು ತಾವೊಮ್ಮೆ ಹೇಳಿ ಮುಂದುವರಿಯುತ್ತಾರೆ.

ಇನ್ನು ಕನ್ನಡದ ವಿಷಯ. 'ನಾನು ನಿನ್ನೆ ಸಂತೆಗೆ ಹೋದೆ' ಎನ್ನುವಾಗ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು 'ನಾನು' ಎಂಬುದರ ಪಕ್ಕದಲ್ಲೇ ಕೂರುತ್ತದೆ. ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಕನ್ನಡದಲ್ಲಿ ವಿವರಿಸಿದರೆ ಎರಡು ನಿಮಿಷದಲ್ಲಿ ಮುಗಿಯುವ ಮಾತಿಗೆ, ಬರೀ ಇಂಗ್ಲಿಷಿನಲ್ಲಿ ಹೇಳಹೊರಟರೆ ಇಡೀ ಪಿರಿಯಡ್ ಸಾಲದು. ಶಿಕ್ಷಕಿ ಕನ್ನಡ ಬಳಸುವುದು ಅವರಿಗೆ ಇಂಗ್ಲಿಷ್ ಬಾರದ್ದರಿಂದಲ್ಲ. ಅರ್ಥ ಸಿಕ್ಕಿಹಾಕಿಕೊಂಡ ಕಡೆ ಬಿಡಿಸುವುದಕ್ಕೆ ಮಾತ್ರ, ಅದೂ ಅಗತ್ಯವಿದ್ದಷ್ಟೇ. ವರ್ಷ ಕಳೆದಂತೆ ಅದು ಕಡಿಮೆಯಾಗಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಅವರಿಗೂ ಹೇಳಿದ್ದೇನೆ. ಆದರೆ ಕನ್ನಡ ಮಾತನಾಡಿದ ಮಗುವಿಗೆ ದಂಡ ಹಾಕಿ ಎಂಬ ಸಲಹೆಯನ್ನು ಒಪ್ಪಲಾರೆ. ಬೇರೆ ಕಡೆ ಹಾಗಿರಬಹುದು. ದಂಡಕ್ಕೆ ಹೆದರಿದ ಮಗು ಇಂಗ್ಲಿಷ್ ಆಡಲು ತೊಡಗುತ್ತದೆಂದು ನನಗೆ ಅನ್ನಿಸುವುದಿಲ್ಲ. ಅದು ಸುಮ್ಮನಾಗಿಬಿಡುತ್ತದೆ, ಮತ್ತು ಸುಮ್ಮನಾದ ಮಗುವನ್ನು ನಾವು ಒಂದು ವರ್ಷ ನೋಡಿದ್ದೇವೆ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ; ಇಂಗ್ಲಿಷ್ ಬರಲೆಂದೇ ಕನ್ನಡಕ್ಕೆ ಜಾಗ ಬಿಟ್ಟಿದ್ದೇವೆ.

ನಿಮ್ಮ ಒಂದು ಮಾತು ಮಾತ್ರ ಸರಿ. ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಮಕ್ಕಳಿಗೆ ದ್ವಿತೀಯ ಭಾಷೆಯಾದ ಇಂಗ್ಲಿಷಿನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಯವು, ಬರವಣಿಗೆಯನ್ನು ಇಷ್ಟು ಹಿಂದಕ್ಕೆ ತಳ್ಳಬಾರದಿತ್ತು. ಮುಂದಿನ ವಾರದಿಂದ ಪ್ರತಿ ಶುಕ್ರವಾರ ಹತ್ತು ಪದಗಳ ಉಕ್ತಲೇಖನ ಇರುತ್ತದೆ, ಮಕ್ಕಳು ತಾವಾಡಿದ ವಾಕ್ಯಗಳನ್ನೇ ಬರೆದುಕೊಂಡು ಬರುತ್ತಾರೆ. ಕೆಂಪು ಶಾಯಿಯ ಗೀಟುಗಳು ಕಡಿಮೆ ಕಂಡರೆ ತಿದ್ದಿಲ್ಲವೆಂದು ಭಾವಿಸಬೇಡಿ. ಒಮ್ಮೆಗೆ ಒಂದೇ ಬಗೆಯ ತಪ್ಪನ್ನು ತಿದ್ದಬೇಕೆಂದು ನಾವು ನಿರ್ಧರಿಸಿದ್ದೇವೆ.

ಸಂಜೆ ಮಗು ಮನೆಗೆ ಬಂದಾಗ ಎಷ್ಟು ಪುಟ ಬರೆದೆ ಎಂದು ಕೇಳುವ ಮೊದಲು ಒಂದು ಇಂಗ್ಲಿಷ್ ವಾಕ್ಯ ಹೇಳಿಸಿ ಕೇಳಿ, ತಪ್ಪಿದ್ದರೂ ನಗಬೇಡಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ