ನಿವೃತ್ತಿಗೆ ಮುಂಚೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ, ಅಮ್ಮನ ಆಶೀರ್ವಾದಗಳು.

"ದುಡಿದಿದ್ದು ಸಾಕು, ಬೆಂಗಳೂರಿಗೆ ಬಂದು ನಮ್ಮ ಜೊತೆಯಲ್ಲೇ ಇದ್ದುಬಿಡು" ಎಂದು ನೀನೂ ಅಳಿಯಂದಿರೂ ಪ್ರತಿ ವಾರ ಹೇಳುತ್ತಿದ್ದೀರಿ. ಫೋನಿನಲ್ಲಿ ಪೂರ್ತಿ ಹೇಳಲಾಗದ ಉತ್ತರವನ್ನು ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲೇ ಉಳಿಯುತ್ತೇನೆ. ಬೇಸರ ಮಾಡಿಕೊಳ್ಳದೆ ಕೊನೆಯವರೆಗೂ ಓದು.

ನಾನು ಪೊಲೀಸ್ ಇಲಾಖೆಗೆ ಸೇರಿದ್ದು 1990ರಲ್ಲಿ. ಹೆಣ್ಣು ಪೇದೆಯರೆಂದರೆ ಆಗ ಬಂದೋಬಸ್ತು, ಆಸ್ಪತ್ರೆ ಪಹರೆ, ಮಹಿಳಾ ಆರೋಪಿಗಳನ್ನು ಕೋರ್ಟಿಗೆ ಕರೆದೊಯ್ಯುವುದು, ಅಷ್ಟೇ. ಖಾಕಿ ಸೀರೆಯ ನೆರಿಗೆ ಎತ್ತಿ ಹಿಡಿದು ಗುಂಪಿನ ಹಿಂದೆ ಓಡಿದ್ದೇವೆ. ಕರ್ತವ್ಯದ ವೇಳೆ ಪ್ಯಾಂಟು, ಅಂಗಿಯೇ ಇರಲಿ ಎಂಬ ಸೂಚನೆ ಬಂದಿದ್ದು 2018ರಲ್ಲಿ. ರಾಜ್ಯ ಪೊಲೀಸ್ ಮುಖ್ಯಸ್ಥರ ಹುದ್ದೆಗೇರಿದ ಮೊದಲ ಮಹಿಳೆ ನೀಲಮಣಿ ರಾಜು ಆಗ ಆ ಸ್ಥಾನದಲ್ಲಿದ್ದರು. ಅಷ್ಟು ಹೊತ್ತಿಗೆ ನನ್ನ ಮಂಡಿ ಸವೆದಿತ್ತು, ಆದರೂ ಅಂದು ಆದ ಸಂತೋಷ ನನಗೇ ಗೊತ್ತು. ದಸರಾ ಬಂದೋಬಸ್ತಿನ ದಿನ ನಾವು ಹೆಂಗಸರು ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಶೌಚಾಲಯ ಎಲ್ಲಿದೆ ಎಂದು ಕೇಳುವುದು ಯಾರನ್ನು? ಜಂಬೂಸವಾರಿ ಸಯ್ಯಾಜಿರಾವ್ ರಸ್ತೆಗೆ ಬಂದಾಗ ಪೊಲೀಸರು ಆನೆಗಳಿಗೆ ಬೆನ್ನು ಹಾಕಿ, ಜನರತ್ತ ಮುಖ ಮಾಡಿ ನಿಲ್ಲಬೇಕು. ರಾತ್ರಿ ಮನೆಗೆ ಬಂದರೆ, ಅಂಬಾರಿ ಹೇಗಿತ್ತು ಎಂದು ಅಜ್ಜಿಯ ಮಡಿಲಲ್ಲಿ ಕುಳಿತು ನೀನೇ ನನಗೆ ಹೇಳುತ್ತಿದ್ದೆ.

ಆದರೆ ನನ್ನ ನಿಜವಾದ ಕೆಲಸ ಶುರುವಾದದ್ದು ಠಾಣೆಯ ಬರಹಗಾರರ ಮೇಜಿಗೆ ಹಾಕಿದ ಮೇಲೆ. ದೂರು ಕೊಡಲು ಬರುವ ಹೆಂಗಸರಲ್ಲಿ ಹೆಚ್ಚಿನವರು ಮದುವೆಯಾದ ದಿನದಿಂದ ಕಥೆ ತೆಗೆಯುತ್ತಾರೆ. ಕೇಳುವವನಿಗೆ ಬೇಕಾದದ್ದು ತಾರೀಖು, ಜಾಗ, ಹೆಸರು. ತಾಳ್ಮೆ ಕಳೆದುಕೊಂಡವರು "ಹೊರಗೆ ಹೋಗಿ ಅರ್ಜಿ ಬರೆಸಿಕೊಂಡು ಬಾಮ್ಮಾ" ಎಂದುಬಿಡುತ್ತಾರೆ. ಹೊರಗೆ ಬರೆಯುವವನು ದುಡ್ಡು ತೆಗೆದುಕೊಂಡು ತನಗೆ ತಿಳಿದದ್ದನ್ನು ಬರೆಯುತ್ತಾನೆ; ಅವಳು ಹೇಳದ ಮಾತೂ ಅದರಲ್ಲಿ ಸೇರುತ್ತದೆ, ಹೇಳಲೇಬೇಕಾದ ಮಾತು ಬಿಟ್ಟುಹೋಗುತ್ತದೆ. ಮುಂದೆ ಕೋರ್ಟಿನ ಪಾಟೀಸವಾಲಿನಲ್ಲಿ ಅವಳನ್ನು ಬೀಳಿಸುವುದು ಅದೇ ಕಾಗದ. ನಾನು ಮೊದಲು ನೀರು ಕೊಟ್ಟು, "ನಿನ್ನೆ ಬರದೆ ಇವತ್ತು ಯಾಕೆ ಬಂದಿರಿ?" ಎಂದು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಘಟನೆ ತಾನಾಗಿ ಹೊರಬರುತ್ತಿತ್ತು.

ಬಾಯಲ್ಲಿ ಹೇಳಿದರೆ ಸಾಕು, ಠಾಣೆಯವರೇ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು, ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನಲ್ಲಿದ್ದ ಈ ಮಾತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿದೆ. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ, ಅರ್ಜಿ ಬಂದಿದೆ ಎಂದಷ್ಟೇ ಬರೆದುಕೊಟ್ಟ ಒಂದು ಹಿಂಬರಹವನ್ನು ಕೈಯಲ್ಲಿ ಹಿಡಿದುಕೊಂಡು ಕೇಸು ದಾಖಲಾಯಿತು ಎಂದು ನಂಬಿ ಹೋಗುವವರನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿದಿದೆ.

ಅದಕ್ಕೇ ಮಗಳೇ, ನಾನು ಇಲ್ಲೇ ಇರಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕಿಯಾಗಲು ಅರ್ಜಿ ಹಾಕುತ್ತೇನೆ; ನಿವೃತ್ತ ನೌಕರರಿಗೂ ಅಲ್ಲಿ ಅವಕಾಶವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಇದು ನಮ್ಮ ಬೀದಿಯ ಎಷ್ಟು ಹೆಂಗಸರಿಗೆ ಗೊತ್ತಿದೆ ಹೇಳು? ಸೆಕ್ಯುರಿಟಿ ಏಜೆನ್ಸಿಯವರು ಮೇಲ್ವಿಚಾರಕಿ ಕೆಲಸಕ್ಕೆ ಕರೆದಿದ್ದಾರೆ. ಮತ್ತೆ ಶಿಳ್ಳೆ, ಹಾಜರಿ, ರಾತ್ರಿ ಪಾಳಿ ನನಗೆ ಬೇಡ. ಬೇಡವೆಂದು ಹೇಳಿಯಾಯಿತು.

ಹಣದ ಚಿಂತೆ ನಿನಗೆ ಬೇಡ. 2006ರ ಏಪ್ರಿಲ್‌ಗೆ ಮೊದಲು ಸೇರಿದವಳಾದ್ದರಿಂದ ನನಗೆ ಹಳೆಯ ಪಿಂಚಣಿ. ಕೊನೆಯ ಮೂಲ ವೇತನದ ಅರ್ಧ, ಜೊತೆಗೆ ತುಟ್ಟಿಭತ್ಯೆ. ನನ್ನ ಜೊತೆ ಪಾಳಿ ಮಾಡುವ ಎಳೆಯ ಹುಡುಗಿಯರಿಗೆ ಈ ಭರವಸೆ ಇಲ್ಲವಲ್ಲ ಎಂಬುದೇ ನನ್ನ ಸಂಕಟ. ಪಿಂಚಣಿಯ ಮೂರನೇ ಒಂದು ಭಾಗವನ್ನು ಪರಿವರ್ತನೆ ಮಾಡಿಸಿ, ಅಂದರೆ ತಿಂಗಳ ಹಣದಲ್ಲಿ ಅಷ್ಟನ್ನು ಬಿಟ್ಟುಕೊಟ್ಟು, ಇಡುಗಂಟು ತೆಗೆದುಕೊಳ್ಳಿ, ಸೈಟು ಕೊಳ್ಳಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಆ ಭಾಗ ಮತ್ತೆ ಸೇರುವುದು 15 ವರ್ಷದ ನಂತರ, ನನಗೆ 75 ಆದಾಗ. ನನಗೆ ತಿಂಗಳ ಹಣವೇ ಇರಲಿ. ಸರಸ್ವತಿಪುರಂನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿದ್ದೇನೆ, ಗ್ರಾಚ್ಯುಟಿ ಬ್ಯಾಂಕಿನಲ್ಲಿರುತ್ತದೆ.

ಇನ್ನೊಂದು ವಿಷಯ. ಗಳಿಕೆ ರಜೆಯಲ್ಲಿ ಹೆಚ್ಚೆಂದರೆ 300 ದಿನಗಳನ್ನು ನಗದು ಮಾಡಿಕೊಳ್ಳಬಹುದು. ನನ್ನ ಖಾತೆ ಎಂದೋ ತುಂಬಿದೆ. ಅವು ನೀನು ಶಾಲೆಯ ವೇದಿಕೆಯಿಂದ ನನ್ನನ್ನು ಹುಡುಕಿದ ದಿನಗಳು, ಜ್ವರದಲ್ಲಿ ಅಜ್ಜಿಯ ಕೈಯಿಂದ ಗಂಜಿ ಕುಡಿದ ದಿನಗಳು. ಆ ಹಣ ಪೂರ್ತಿ ನಿನ್ನದು. ಅಳಿಯಂದಿರಿಗಲ್ಲ, ಮನೆ ಸಾಲಕ್ಕಲ್ಲ. ನೀನು ಓದಬೇಕೆಂದು ಬಿಟ್ಟಿದ್ದ ಕೋರ್ಸು ಓದು, ಇಲ್ಲವೇ ಒಂದಷ್ಟು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಮಗುವಿನ ಜೊತೆ ಇರು. ಲೆಕ್ಕ ಕೇಳುವುದಿಲ್ಲ.

ತಿಂಗಳ ಕೊನೆಯ ದಿನ ಠಾಣೆಯಲ್ಲಿ ಬೀಳ್ಕೊಡುಗೆ. ವಸತಿಗೃಹದ ಬೀಗ ಒಪ್ಪಿಸಬೇಕು. ಅಟ್ಟದ ಮೇಲಿನ ನಿನ್ನ ಪುಸ್ತಕದ ಪೆಟ್ಟಿಗೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ನೀನೇ ನೋಡಬೇಕು. ಹಿಂದಿನ ಶನಿವಾರವೇ ಮಗುವನ್ನು ಕರೆದುಕೊಂಡು ಬಾ. ಅಳಿಯಂದಿರಿಗೆ ರಜೆ ಸಿಗದಿದ್ದರೆ ಬೆಳಗಿನ ರೈಲು ಹತ್ತು, ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ ಅಮ್ಮ